ಐರ್ಲೆಂಡಿನ ಕುದುರೆ ಜಾತ್ರೆಗಳನ್ನು ಮುಚ್ಚುವುದು ಪರಿಹಾರವಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಐರ್ಲೆಂಡಿನ ಬ್ಯಾಲಿನಸ್ಲೋ ಕುದುರೆ ಜಾತ್ರೆಯನ್ನು ಕುರಿತು ಬಂದ ಸಚಿತ್ರ ಬರಹವನ್ನು ಓದಿದೆ. ಇಂಥ ಜಾತ್ರೆಗಳು ಪ್ರಾಣಿಹಿಂಸೆಗೆ ಆಸರೆಯಾಗಿರುವುದರಿಂದ ಅವನ್ನು ಮುಚ್ಚಿಸುವುದೇ ಸರಿಯೆಂದು ಓದುಗರೊಬ್ಬರು ಬರೆದ ಪತ್ರವನ್ನೂ ಗಮನಿಸಿದೆ. ಉದ್ಯೋಗದ ನಿಮಿತ್ತ ಗಾಲ್ವೇ ಕೌಂಟಿಯಲ್ಲಿ ಹಲವು ವರ್ಷ ನೆಲೆಸಿ ಆ ಜಾತ್ರೆಯನ್ನು ಹತ್ತಿರದಿಂದ ಕಂಡವನಾದ್ದರಿಂದ ಈ ಎರಡೂ ಬರಹಗಳ ಬಗ್ಗೆ ಕೆಲವು ಮಾತುಗಳನ್ನು ಹೇಳಬೇಕೆನಿಸಿತು. ಪುರವಣಿಯ ಬರಹದಲ್ಲಿ ತೊಟ್ಟಿಲು, ತಿನಿಸಿನ ಅಂಗಡಿ, ಹಾಡು ಕುಣಿತಗಳೆಲ್ಲ ಇದ್ದವು. ಆದರೆ ಕುದುರೆಯೊಂದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೇಗೆ ಹೋಗುತ್ತದೆ, ಆ ಕೊಡುಕೊಳ್ಳುವಿಕೆಯ ಹಿಂದೆ ಎಷ್ಟು ದೊಡ್ಡ ಚರಿತ್ರೆ ಇದೆ ಎಂಬ ಸುಳಿವು ಇರಲಿಲ್ಲ. ಜಾತ್ರೆಯನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವ ಮೊದಲು ಅಲ್ಲಿ ನಡೆಯುವುದು ಏನೆಂಬುದು ನಮಗೆ ತಿಳಿದಿರಬೇಕು.

ಬ್ಯಾಲಿನಸ್ಲೋ ಗಾಲ್ವೇ ಕೌಂಟಿಯ ಪೂರ್ವದ ಅಂಚಿನಲ್ಲಿ ಸಕ್ ನದಿಯ ದಡದಲ್ಲಿರುವ ಊರು. ಡಬ್ಲಿನ್ನಿನಿಂದ ಪಶ್ಚಿಮದ ಕಡಲತೀರಕ್ಕೆ ಹೋಗುವ ಹೆದ್ದಾರಿ ನದಿಯನ್ನು ದಾಟುವ ಜಾಗದಲ್ಲಿ ಅದು ಬೆಳೆದಿದೆ. ಪಶ್ಚಿಮದ ಕಾನಾಟ್ ಪ್ರಾಂತ್ಯದ ಕಲ್ಲುನೆಲದಲ್ಲಿ ಹುಟ್ಟಿ ಬೆಳೆದ ದನ, ಕುರಿ, ಕುದುರೆಗಳನ್ನು ಪೂರ್ವದ ಮೀಥ್, ಕಿಲ್ಡೇರ್‌ಗಳ ಸಮೃದ್ಧ ಹುಲ್ಲುಗಾವಲಿನ ಒಡೆಯರು ಚಳಿಗಾಲಕ್ಕೆ ಮೊದಲೇ ಕೊಳ್ಳಲು ಬರುತ್ತಿದ್ದರು. ಮೇವು ಕಡಿಮೆಯಾಗುವ ಮುನ್ನ ಮಾರಬೇಕೆಂಬ ಅವಸರ ಒಂದು ಕಡೆಗಿದ್ದರೆ, ಮೇಯಿಸಿ ಕೊಬ್ಬಿಸಿ ಲಾಭ ಮಾಡಿಕೊಳ್ಳುವ ಆಸೆ ಇನ್ನೊಂದು ಕಡೆಗಿತ್ತು. ಅಕ್ಟೋಬರ್ ತಿಂಗಳು ಈ ಜಾತ್ರೆಗೆ ಗೊತ್ತಾದದ್ದು ಈ ಲೆಕ್ಕದಿಂದಲೇ. ಊರಿನ ಜಮೀನ್ದಾರರಾಗಿದ್ದ ಟ್ರೆಂಚ್ ಮನೆತನದವರು 1722ರಲ್ಲಿ ರಾಜಾಜ್ಞೆಯ ಸನದು ಪಡೆದು ಜಾತ್ರೆಯನ್ನು ಕಾನೂನಿನ ಚೌಕಟ್ಟಿಗೆ ತಂದರು. ಅದಕ್ಕೂ ಮೊದಲೇ ಅಲ್ಲಿ ಜನ ಸೇರುತ್ತಿದ್ದರೆಂಬುದು ಸ್ಥಳೀಯರ ನಂಬಿಕೆ. 1828ರಲ್ಲಿ ಡಬ್ಲಿನ್ನಿನಿಂದ ದೋಣಿಗಳು ಸಾಗುವ ಗ್ರ್ಯಾಂಡ್ ಕಾಲುವೆ ಊರನ್ನು ಮುಟ್ಟಿತು, 1851ರಲ್ಲಿ ಡಬ್ಲಿನ್ ಮತ್ತು ಗಾಲ್ವೇ ನಡುವಿನ ರೈಲು ಬಂದಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಒಂದೇ ಜಾತ್ರೆಗೆ ಲಕ್ಷದ ಸಮೀಪದಷ್ಟು ಕುರಿಗಳು ಬಂದ ವರ್ಷಗಳಿದ್ದವು. ಮಹಾಕ್ಷಾಮ ಮುಗಿದು ಹೆಚ್ಚು ವರ್ಷ ಕಳೆದಿರದಿದ್ದ ಕಾಲ ಅದು. ಹಸಿವಿನಿಂದ ಸತ್ತವರು, ಊರು ಬಿಟ್ಟು ಹಡಗು ಹತ್ತಿದವರು ಖಾಲಿ ಮಾಡಿದ ನೆಲ ಕುರಿ ದನಗಳ ಮೇವಿನ ನೆಲವಾಯಿತೆಂಬುದನ್ನು ಮರೆತು ಆ ಸಂಖ್ಯೆಯನ್ನು ಜಾತ್ರೆಯ ವೈಭವವೆಂದು ಹೊಗಳುವುದು ನನಗೆ ಸಾಧ್ಯವಾಗುವುದಿಲ್ಲ.

ಕುದುರೆಗೂ ಜನಸಭೆಗೂ ಇರುವ ನಂಟು ಆ ದೇಶದಲ್ಲಿ ಸನದುಗಳಿಗಿಂತ ಬಹಳ ಹಳೆಯದು. ಮೀಥ್ ಕೌಂಟಿಯ ಟೆಲ್‌ಟೌನಿನಲ್ಲಿ ಆಗಸ್ಟ್ ಆರಂಭದ ಸುಗ್ಗಿಯ ಹೊತ್ತಿಗೆ ಅರಸರ ಸಮ್ಮುಖದಲ್ಲಿ ಸೇರುತ್ತಿದ್ದ ಮಹಾಸಭೆಯಲ್ಲಿ ಕುದುರೆ ಓಟ, ಕಾನೂನುಗಳ ಘೋಷಣೆ ಮತ್ತು ವ್ಯಾಪಾರ ಒಟ್ಟಿಗೇ ನಡೆಯುತ್ತಿದ್ದವು. ಹನ್ನೆರಡನೆಯ ಶತಮಾನದಲ್ಲಿ ನಾರ್ಮನ್ನರು ಬ್ರಿಟನ್ನಿನಿಂದ ದಂಡೆತ್ತಿ ಬರುವವರೆಗೂ ಆ ಪದ್ಧತಿ ಉಳಿದಿತ್ತು.

ಕುದುರೆಯ ಒಡೆತನ ಅಲ್ಲಿಯ ಜನರಿಗೆ ಏಕೆ ಇಷ್ಟು ಮಾನದ ವಿಷಯವಾಯಿತು ಎಂಬುದನ್ನು ತಿಳಿಯಲು 1695ರ ಕಾನೂನೊಂದನ್ನು ನೋಡಬೇಕು. ಐರ್ಲೆಂಡಿನ ಬಹುಸಂಖ್ಯಾತರಾದ ಕ್ಯಾಥೊಲಿಕರು 5 ಪೌಂಡಿಗಿಂತ ಹೆಚ್ಚು ಬೆಲೆಬಾಳುವ ಕುದುರೆಯನ್ನು ಇಟ್ಟುಕೊಳ್ಳಕೂಡದೆಂದು ಆ ಶಾಸನ ವಿಧಿಸಿತು. ಅಂಥ ಕುದುರೆ ಕಂಡರೆ ಆಳುವ ವರ್ಗವಾಗಿದ್ದ ಪ್ರಾಟೆಸ್ಟೆಂಟ್ ಮತದವರು ಆ ಅಲ್ಪ ಮೊತ್ತವನ್ನು ಕೊಟ್ಟು ಅದನ್ನು ತಮ್ಮದಾಗಿಸಿಕೊಳ್ಳಬಹುದಿತ್ತು. ಆಸ್ಟ್ರಿಯಾ ಸಾಮ್ರಾಜ್ಯದ ಸೈನ್ಯದಲ್ಲಿ ಅಧಿಕಾರಿಯಾಗಿದ್ದು ಕಾರ್ಕ್ ಕೌಂಟಿಗೆ ಮರಳಿದ ಆರ್ಟ್ ಓ ಲಿಯರಿ ಎಂಬ ಯುವಕನ ಬಳಿ ಒಂದು ಚೆಲುವಾದ ಹೆಣ್ಣು ಕುದುರೆಯಿತ್ತು. ಏಬ್ರಹಾಂ ಮಾರಿಸ್ ಎಂಬ ಸ್ಥಳೀಯ ಅಧಿಕಾರಸ್ಥ ಅದನ್ನು 5 ಪೌಂಡಿಗೆ ಕೇಳಿದಾಗ ಆತ ನಿರಾಕರಿಸಿದನೆಂದು ಪರಂಪರೆ ಹೇಳುತ್ತದೆ. ಇಬ್ಬರ ನಡುವಿನ ಹಗೆ ಬೆಳೆದು ಆತ ಕಾನೂನಿನ ರಕ್ಷಣೆಯಿಲ್ಲದ ಅಪರಾಧಿಯೆಂದು ಸಾರಲ್ಪಟ್ಟ. 1773ರ ಮೇ 4ರಂದು ಸೈನಿಕರ ಗುಂಡಿಗೆ ಬಲಿಯಾದ. ಆತನ ಪತ್ನಿ ಹಾಡಿದ ಶೋಕಗೀತೆ ಐರಿಷ್ ಭಾಷೆಯ ಬಾಯಿಮಾತಿನ ಪರಂಪರೆಯಲ್ಲಿ ಉಳಿದು ಬಂದು ಇಂದಿಗೂ ಓದುಗರ ಕಣ್ಣು ತುಂಬಿಸುತ್ತದೆ. ಕುದುರೆ ಕುರಿತ ಆ ನಿರ್ಬಂಧ ರದ್ದಾದದ್ದು 1782ರಲ್ಲಿ. ಸುಮಾರು ಮೂರು ತಲೆಮಾರುಗಳ ಕಾಲ ಒಳ್ಳೆಯ ಕುದುರೆಯನ್ನು ಬಹಿರಂಗವಾಗಿ ಹತ್ತಿ ಹೋಗುವುದೇ ಅಪಾಯವಾಗಿದ್ದ ಜನ, ತಮ್ಮ ಪ್ರಾಣಿಯನ್ನು ಎಲ್ಲರ ಕಣ್ಣೆದುರು ನಿಲ್ಲಿಸಿ ತಮಗೆ ಒಪ್ಪುವ ಬೆಲೆ ಬರುವವರೆಗೂ ಹಠದಿಂದ ಕಾಯುವುದರಲ್ಲಿ ಹಣಕ್ಕಿಂತ ಹೆಚ್ಚಿನದೇನೋ ಇದೆಯೆಂದು ನಾನು ನಂಬಿದ್ದೇನೆ.

ನಂತರದ ಕಾಲದಲ್ಲಿ ದೊಡ್ಡ ಗಿರಾಕಿಗಳಾಗಿ ಬಂದವರು ಸೈನ್ಯದವರು. ಯುರೋಪಿನ ಅಶ್ವದಳಗಳಿಗೂ ಫಿರಂಗಿ ಎಳೆಯುವ ಪಡೆಗಳಿಗೂ ಬೇಕಾದ ಕುದುರೆಗಳನ್ನು ಆರಿಸಲು ಬ್ಯಾಲಿನಸ್ಲೋಗೂ, ಕಾರ್ಕ್ ಕೌಂಟಿಯಲ್ಲಿ ಪ್ರತಿವರ್ಷ ಜುಲೈ 12ರಂದು ಸೇರುವ ಕಾಹಿರ್‌ಮೀ ಜಾತ್ರೆಗೂ ದಲ್ಲಾಳಿಗಳು ದೂರದಿಂದ ಬರುತ್ತಿದ್ದರು. ನೆಪೋಲಿಯನ್ ಏರುತ್ತಿದ್ದ ಮರೆಂಗೊ ಎಂಬ ಬಿಳಿಯ ಕುದುರೆ ತಮ್ಮ ಜಾತ್ರೆಯಲ್ಲೇ ಮಾರಾಟವಾದದ್ದೆಂದು ಈ ಎರಡೂ ಊರುಗಳವರು ಹೇಳಿಕೊಳ್ಳುತ್ತಾರೆ. ತಮ್ಮ ಪುರವಣಿಯೂ ಅದನ್ನು ನಿಜವೆಂಬಂತೆ ಬರೆದಿದೆ. ಆದರೆ ಮರೆಂಗೊ ಅರಬ್ಬೀ ತಳಿಯದು, ಈಜಿಪ್ಟಿನಿಂದ ತಂದದ್ದು ಎಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ವಿವರಣೆ. ಅದರ ಅಸ್ಥಿಪಂಜರ ಲಂಡನ್ನಿನ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಎರಡು ಜಾತ್ರೆಗಳು ಒಂದೇ ಕುದುರೆಯನ್ನು ಮಾರಿರಲು ಸಾಧ್ಯವಿಲ್ಲವೆಂಬುದಂತೂ ಸ್ಪಷ್ಟ. ಹೆಸರಿಲ್ಲದೆ ಯುದ್ಧಭೂಮಿಗಳಲ್ಲಿ ಸತ್ತ ಸಾವಿರಾರು ಐರಿಷ್ ಕುದುರೆಗಳ ನೆನಪಿಗೆ ಇಂಥ ಕಥೆಯ ಆಸರೆ ಬೇಕಾಗಿಲ್ಲ.

ಇನ್ನು ವ್ಯಾಪಾರದ ವಿಷಯ. ಭಾನುವಾರ ಆರಂಭವಾಗುವ ಜಾತ್ರೆಯಲ್ಲಿ ಊರಿನ ಜಾತ್ರೆಬಯಲಿಗೆ ಕುದುರೆಗಳು ಬೆಳಗಿನಿಂದಲೇ ಬರತೊಡಗುತ್ತವೆ. ಭಾರ ಎಳೆಯುವ ಐರಿಷ್ ಡ್ರಾಫ್ಟ್ ತಳಿಯವು, ಪಶ್ಚಿಮದ ಗುಡ್ಡಗಾಡಿನ ಗಟ್ಟಿಮುಟ್ಟಾದ ಕನ್ನೆಮಾರಾ ತಟ್ಟುಗಳು, ಗೊರಸಿನ ಮೇಲೆ ಉದ್ದ ರೋಮ ಇಳಿಬಿದ್ದ ಕಪ್ಪು ಬಿಳುಪಿನ ದಪ್ಪ ಕಾಲಿನ ಗಾಡಿಕುದುರೆಗಳು, ಓಟದಿಂದ ನಿವೃತ್ತವಾದವು, ಕತ್ತೆಗಳು, ಇನ್ನೂ ಲಗಾಮು ಕಾಣದ ಮರಿಗಳು ಎಲ್ಲವೂ ಒಂದೇ ಬಯಲಿನಲ್ಲಿ ನಿಲ್ಲುತ್ತವೆ. ಹರಾಜಿನ ಕಟ್ಟೆಯಾಗಲಿ, ಬೆಲೆಯ ಚೀಟಿಯಾಗಲಿ ಇಲ್ಲ. ಕೊಳ್ಳುವವನು ಮೊದಲು ದೂರದಲ್ಲಿ ನಿಂತು ಕುದುರೆಯ ನಿಲುವನ್ನು ನೋಡುತ್ತಾನೆ. ಬಳಿಕ ತುಟಿ ಬಿಡಿಸಿ ಹಲ್ಲು ನೋಡುತ್ತಾನೆ. ಶಾಶ್ವತವಾದ ಬಾಚಿಹಲ್ಲುಗಳು ಎರಡೂವರೆ ವರ್ಷದಿಂದ ಜೋಡಿ ಜೋಡಿಯಾಗಿ ಮೂಡಿ ಐದನೆಯ ವರ್ಷಕ್ಕೆ ಪೂರ್ಣವಾಗುವುದರಿಂದ, ಆಮೇಲೆ ಸುಮಾರು ಎಂಟರವರೆಗೆ ಅವುಗಳ ಮೇಲಿನ ಕುಳಿಗಳು ಸವೆಯುವ ರೀತಿಯಿಂದ ವಯಸ್ಸನ್ನು ಅಂದಾಜು ಮಾಡಬಹುದು. ಮುದಿಕುದುರೆಯ ಹಲ್ಲಿನಲ್ಲಿ ಕುಳಿ ಕೊರೆದು ಎಳೆಯದೆಂದು ತೋರಿಸುವ ಮೋಸ ಹಿಂದೆ ಇದ್ದದ್ದರಿಂದ ಅನುಭವಿಗಳು ಹಲ್ಲೊಂದನ್ನೇ ನಂಬುವುದಿಲ್ಲ. ಕಾಲಿನ ಕೀಲುಗಳನ್ನು ಬೆರಳಿನಿಂದ ತಡವಿ ಊತವನ್ನೂ ಬಿಸಿಯನ್ನೂ ಪರೀಕ್ಷಿಸುತ್ತಾರೆ, ಗೊರಸನ್ನು ಎತ್ತಿಸುತ್ತಾರೆ, ಕಲ್ಲುಹಾಸಿನ ಮೇಲೆ ಓಡಿಸಿ ನಾಲ್ಕು ಗೊರಸುಗಳ ಸದ್ದು ಸಮನಾಗಿ ಬೀಳುತ್ತದೆಯೇ ಎಂದು ಕಿವಿಗೊಡುತ್ತಾರೆ, ಓಡಿ ನಿಂತ ಕುದುರೆಯ ಉಸಿರಿನಲ್ಲಿ ಗೊರಗೊರ ಸದ್ದಿದೆಯೇ ಎಂದು ಆಲಿಸುತ್ತಾರೆ. ಇದು ಶಾಲೆಯಲ್ಲಿ ಕಲಿಸದ ವಿದ್ಯೆ. ತಂದೆಯ ಪಕ್ಕದಲ್ಲಿ ನಿಂತು ನೋಡುವ ಹತ್ತು ಹನ್ನೆರಡರ ಮಕ್ಕಳು ಅಲ್ಲಿ ಅದನ್ನು ಕಲಿಯುತ್ತಿರುತ್ತಾರೆ.

ಚೌಕಾಸಿ ಶುರುವಾದ ಮೇಲೆ ಬರುವವನು ಟ್ಯಾಂಗ್ಲರ್ ಎಂದು ಅವರು ಕರೆಯುವ ಮಧ್ಯಸ್ಥ. ಮಾರುವವನು ಹೇಳಿದ ಬೆಲೆಗೂ ಕೊಳ್ಳುವವನು ಕೊಡುತ್ತೇನೆಂದ ಬೆಲೆಗೂ ನಡುವೆ ಕೆಲವು ನೂರು ಯೂರೊ ಅಂತರ ಉಳಿದಾಗ, ಕೊಳ್ಳುವವನು ಬೇಡವೆಂದು ಬೆನ್ನು ತಿರುಗಿಸಿ ಹೊರಡುತ್ತಾನೆ. ಟ್ಯಾಂಗ್ಲರ್ ಓಡಿಹೋಗಿ ಅವನ ತೋಳು ಹಿಡಿದು ಎಳೆತರುತ್ತಾನೆ. ಹೊರಟವನಿಗೂ ಎಳೆತಂದವನಿಗೂ ಇದು ಪದ್ಧತಿಯೆಂದು ಗೊತ್ತು. ಅಂತರವನ್ನು ಅರ್ಧ ಮಾಡಿ ಹಂಚಿಕೊಳ್ಳಿ ಎನ್ನುತ್ತಾ ಇಬ್ಬರ ಕೈಗಳನ್ನೂ ಬಲವಂತವಾಗಿ ಕೂಡಿಸಲು ನೋಡುತ್ತಾನೆ. ಸುತ್ತ ಸೇರಿದ ಜನ ತಾವೂ ಬುದ್ಧಿ ಹೇಳುತ್ತಾರೆ. ಕೊನೆಗೆ ಅಂಗೈಗೆ ಉಗುಳಿಕೊಂಡು ಒಬ್ಬರ ಕೈಮೇಲೆ ಇನ್ನೊಬ್ಬರು ಬಲವಾಗಿ ಬಾರಿಸಿದರೆ ವ್ಯಾಪಾರ ಕುದುರಿದಂತೆ. ಅಲ್ಲಿಂದ ಮುಂದೆ ಹಿಂದೆಗೆಯುವಂತಿಲ್ಲ. ಹಣ ಎಣಿಸಿ ಕೊಟ್ಟ ಮೇಲೆ ಮಾರಿದವನು ಅದರಲ್ಲಿ ಸ್ವಲ್ಪವನ್ನು ಕೊಂಡವನಿಗೆ ಮರಳಿಸಬೇಕು. ಕುದುರೆಯ ಜೊತೆ ಅದೃಷ್ಟವೂ ಹೋಗಲಿ ಎಂಬ ಹಾರೈಕೆಯ ಈ ಹಣವನ್ನು ಎಷ್ಟು ಕೊಡಬೇಕೆಂಬುದೂ ಚೌಕಾಸಿಯ ಭಾಗವೇ, ಮತ್ತು ಕೊಡದೆ ಹೋದವನ ಹೆಸರು ಮುಂದಿನ ಜಾತ್ರೆಗೆ ಮೊದಲೇ ಹರಡಿರುತ್ತದೆ. ಕಾಗದಪತ್ರವಿಲ್ಲದ ಕಾಲದಲ್ಲಿ ಒಪ್ಪಂದಕ್ಕೆ ಸಾಕ್ಷಿಯಾಗಿದ್ದದ್ದು ಸುತ್ತ ನಿಂತ ಈ ಜನರೇ. ಚೌಕಾಸಿಯ ಗದ್ದಲವನ್ನು ಜಗಳವೆಂದು ತಪ್ಪು ತಿಳಿಯುವ ಪ್ರವಾಸಿಗರಿದ್ದಾರೆ. ಪುರವಣಿಯ ಒಂದು ಚಿತ್ರದ ಅಡಿಬರಹವೂ ಹಾಗೆಯೇ ಇದ್ದದ್ದರಿಂದ ಇಷ್ಟು ವಿವರವಾಗಿ ಬರೆದೆ.

ಇದೇ ರೀತಿ ಬೀದಿಯಲ್ಲಿ ನಡೆಯುತ್ತಿದ್ದ ದನದ ವ್ಯಾಪಾರ 1950ರ ದಶಕದ ನಂತರ ತೂಕದ ಯಂತ್ರ, ಹರಾಜುಕಟ್ಟೆಗಳಿರುವ ಸಹಕಾರಿ ಮಾರುಕಟ್ಟೆಗಳಿಗೆ ಸರಿದು, ನೂರಾರು ಸಣ್ಣ ಊರುಗಳ ಜಾತ್ರೆಗಳು ನಿಂತುಹೋದವು. ಅದೇ ಹೊತ್ತಿಗೆ ಟ್ರ್ಯಾಕ್ಟರ್ ಬಂದು ಉಳುವ ಕುದುರೆಯ ಕೆಲಸವೂ ಮುಗಿಯಿತು. ಆದರೂ ಕುದುರೆಯ ಜಾತ್ರೆ ಉಳಿಯಿತು. ದನವನ್ನು ತೂಕದ ಮೇಲೆ ಕೊಳ್ಳಬಹುದು. ಕುದುರೆಯ ಸ್ವಭಾವ, ನಡಿಗೆ, ಮನುಷ್ಯರೊಡನೆ ಅದು ನಡೆದುಕೊಳ್ಳುವ ರೀತಿ ಯಾವ ತಕ್ಕಡಿಗೂ ಸಿಗುವುದಿಲ್ಲ ಎಂಬುದು ಒಂದು ಕಾರಣವೆಂದು ನನಗೆ ತೋರುತ್ತದೆ. ಇನ್ನೊಂದು, ಮತ್ತು ಹೆಚ್ಚು ಮುಖ್ಯವಾದ ಕಾರಣ ಟ್ರಾವೆಲರ್ ಸಮುದಾಯ.

ಶತಮಾನಗಳಿಂದ ಐರ್ಲೆಂಡಿನ ರಸ್ತೆಗಳ ಮೇಲೆಯೇ ಬದುಕು ಕಟ್ಟಿಕೊಂಡು ಬಂದ ಈ ಜನ ತಗಡಿನ ಪಾತ್ರೆಗಳನ್ನು ಮಾಡುತ್ತಿದ್ದರು, ರಿಪೇರಿ ಮಾಡುತ್ತಿದ್ದರು, ಕುದುರೆ ಕತ್ತೆಗಳನ್ನು ಕೊಂಡು ಮಾರುತ್ತಿದ್ದರು. ಅವರಿಗೆ ತಮ್ಮದೇ ಆದ ಮಾತಿದೆ, ತಮ್ಮದೇ ಆದ ಸಂಪ್ರದಾಯಗಳಿವೆ. ಪ್ಲಾಸ್ಟಿಕ್ ಬಂದು ತಗಡಿನ ಕೆಲಸ ಹೋಯಿತು. 1963ರಲ್ಲಿ ಸರ್ಕಾರದ ಆಯೋಗವೊಂದು ಅವರ ಅಲೆಮಾರಿ ಬದುಕನ್ನೇ ಪರಿಹರಿಸಬೇಕಾದ ಸಮಸ್ಯೆಯೆಂದು ಕಂಡು, ಅವರನ್ನು ನೆಲೆನಿಂತ ಸಮಾಜದಲ್ಲಿ ಕರಗಿಸುವ ದಾರಿಯನ್ನು ಸೂಚಿಸಿತು. 2002ರ ಕಾನೂನು ಅನುಮತಿಯಿಲ್ಲದೆ ಬೇರೆಯವರ ಜಾಗದಲ್ಲಿ ಬೀಡುಬಿಡುವುದನ್ನು ಅಪರಾಧವಾಗಿಸಿತು. ಅವರನ್ನು ಪ್ರತ್ಯೇಕ ಜನಾಂಗೀಯ ಸಮುದಾಯವೆಂದು ಐರಿಷ್ ಸರ್ಕಾರ ಅಧಿಕೃತವಾಗಿ ಒಪ್ಪಿದ್ದು 2017ರ ಮಾರ್ಚ್ 1ರಂದು. ಹೀಗೆ ರಸ್ತೆಯ ಬದಿಯ ಬೀಡುಗಳು ಒಂದೊಂದಾಗಿ ಮುಚ್ಚುತ್ತಾ ಹೋದಂತೆ, ದೂರದೂರದ ಬಂಧುಗಳು ಒಂದೆಡೆ ಸೇರಲು, ಸಂಬಂಧ ಬೆಳೆಸಲು, ಅಗಲಿದವರ ಸುದ್ದಿ ಕೇಳಿ ಅಳಲು ಉಳಿದ ಕೆಲವೇ ಜಾಗಗಳಲ್ಲಿ ಕುದುರೆ ಜಾತ್ರೆಯೂ ಒಂದಾಯಿತು. ಮನೆಯಲ್ಲಿ ನೆಲೆಸಿದ ಮೇಲೂ ಕುದುರೆ ಸಾಕುವುದನ್ನು ಬಿಡದ ಟ್ರಾವೆಲರ್ ಕುಟುಂಬಗಳಿವೆ. ಅವರಿಗೆ ಅದು ತಾವು ಯಾರೆಂಬುದರ ಗುರುತು. ಜಾತ್ರೆಯ ವಾರ ಊರಿನ ಕೆಲವು ಅಂಗಡಿ, ಮದ್ಯದಂಗಡಿಗಳು ಬಾಗಿಲು ಹಾಕಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಜಾತ್ರೆಗೆ ಹೆಸರು ತಂದ ಜನರನ್ನೇ ಜಾತ್ರೆಯ ದಿನ ಹೊರಗಿಡುವುದು ಕಂಡು ಬಹಳ ನೋವಾಗಿತ್ತು. ಪುರವಣಿಯ ಎರಡು ಪುಟಗಳ ಬರಹದಲ್ಲಿ ಈ ಸಮುದಾಯದ ಹೆಸರು ಒಮ್ಮೆಯೂ ಬಂದಿಲ್ಲವೆಂಬುದು ನನ್ನ ಮುಖ್ಯ ಆಕ್ಷೇಪ.

ಕೆರಿ ಕೌಂಟಿಯ ಕಿಲ್ಲಾರ್ಗ್ಲಿನ್‌ನಲ್ಲಿ ಆಗಸ್ಟ್ 10ರಿಂದ 12ರವರೆಗೆ ನಡೆಯುವ ಪಕ್ ಜಾತ್ರೆಯೂ ಮೊದಲ ದಿನ ಕುದುರೆ ವ್ಯಾಪಾರದಿಂದಲೇ ಆರಂಭವಾಗುತ್ತದೆ. ಬೆಟ್ಟದ ಕಾಡುಹೋತವೊಂದನ್ನು ಹಿಡಿದು ತಂದು ಶಾಲಾ ಬಾಲಕಿಯ ಕೈಯಿಂದ ಕಿರೀಟ ತೊಡಿಸಿ, ಎತ್ತರದ ಅಟ್ಟಣೆಯ ಮೇಲೆ ಅರಸನಾಗಿ ಕೂರಿಸುವುದು ಅಲ್ಲಿಯ ಪದ್ಧತಿ. 2022ರ ಬಿರುಬಿಸಿಲಿನಲ್ಲಿ ಜನರ ಆತಂಕಕ್ಕೆ ಕಿವಿಗೊಟ್ಟು ಆ ಹೋತವನ್ನು ಕೆಳಗಿಳಿಸಲಾಯಿತು. ಜಾತ್ರೆ ನಿಲ್ಲಲಿಲ್ಲ. ಹಳೆಯ ಪದ್ಧತಿ ಪ್ರಾಣಿಯ ಹಿತಕ್ಕೆ ತಲೆಬಾಗಬಲ್ಲದು ಎಂಬುದಕ್ಕೆ ಇದನ್ನು ಉದಾಹರಣೆಯಾಗಿ ಕೊಡುತ್ತೇನೆ.

ಈಗ ಮುಚ್ಚಬೇಕೆಂದು ಬರೆದ ಓದುಗರಿಗೆ ನನ್ನ ಉತ್ತರ. ಅವರ ಕಳಕಳಿ ಸುಳ್ಳಲ್ಲ. 2008ರ ಆರ್ಥಿಕ ಕುಸಿತಕ್ಕೆ ಮುಂಚಿನ ಶ್ರೀಮಂತಿಕೆಯ ವರ್ಷಗಳಲ್ಲಿ ಐರ್ಲೆಂಡಿನಲ್ಲಿ ಮಿತಿಮೀರಿ ಕುದುರೆಗಳನ್ನು ಹುಟ್ಟಿಸಲಾಯಿತು. ಹಣ ಬತ್ತಿದ ಮೇಲೆ ಬೆಲೆ ನೆಲಕ್ಕೆ ಬಿದ್ದು, ಸಾಕಲಾಗದವರು ಅವುಗಳನ್ನು ಹೊಲಗಳಲ್ಲಿ, ರಸ್ತೆಗಳಲ್ಲಿ ಬಿಟ್ಟುಹೋದರು. ಎಲುಬು ಕಾಣುವ ಕುದುರೆಗಳನ್ನೂ, ತಾಯಿಯಿಂದ ಬಹಳ ಬೇಗ ಬಿಡಿಸಿ ತಂದ ಮರಿಗಳನ್ನೂ, ಜನರ ನಡುವೆ ಅಪಾಯಕರವಾಗಿ ಓಡಿಸುವುದನ್ನೂ ಜಾತ್ರೆಗಳಲ್ಲಿ ಕಂಡವರು ಸುಮ್ಮನಿರಲಾರರು. ಪ್ರತಿ ಕುದುರೆಗೂ ಗುರುತಿನ ಪಾಸ್‌ಪೋರ್ಟ್ ಇರಬೇಕು, ಹೊಸದಾಗಿ ನೋಂದಾಯಿಸುವ ಕುದುರೆಗಳ ಕತ್ತಿನಲ್ಲಿ 2009ರ ಜುಲೈ ತಿಂಗಳಿನಿಂದ ಮೈಕ್ರೋಚಿಪ್ ಇರಬೇಕು ಎಂಬ ನಿಯಮಗಳಿವೆ. ಬೀದಿಪಾಲಾದ ಕುದುರೆಗಳನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನು 1996ರ ಕಾನೂನು ಸ್ಥಳೀಯ ಆಡಳಿತಗಳಿಗೆ ಕೊಟ್ಟಿದೆ. 2013ರ ಪ್ರಾಣಿ ಆರೋಗ್ಯ ಮತ್ತು ಕಲ್ಯಾಣ ಕಾಯಿದೆ ಪ್ರಾಣಿಯ ಒಡೆಯನಿಗೆ ಅದನ್ನು ಸರಿಯಾಗಿ ನೋಡಿಕೊಳ್ಳುವ ಹೊಣೆಯನ್ನು ವಿಧಿಸಿದೆ. ಕಾನೂನುಗಳಿಗೆ ಕೊರತೆಯಿಲ್ಲ, ಜಾತ್ರೆಯ ದಿನ ಬಯಲಿನ ಪ್ರತಿ ಬಾಗಿಲಲ್ಲೂ ಅವುಗಳನ್ನು ಜಾರಿಗೊಳಿಸುವ ಜನ ಸಾಲದು.

ಜಾತ್ರೆಯನ್ನು ಮುಚ್ಚಿದರೆ ಕುದುರೆಗಳೇನೂ ಮಾಯವಾಗುವುದಿಲ್ಲ, ಅವುಗಳ ವ್ಯಾಪಾರವೂ ನಿಲ್ಲುವುದಿಲ್ಲ. ಫೋನಿನಲ್ಲಿ ಚಿತ್ರ ಕಳಿಸಿ, ರಾತ್ರಿ ಯಾವುದೋ ಕೊಟ್ಟಿಗೆಯ ಹಿಂದೆ ಟ್ರೈಲರಿನಿಂದ ಟ್ರೈಲರಿಗೆ ದಾಟಿಸುವ ವ್ಯಾಪಾರ ಬೆಳೆಯುತ್ತದೆ. ಅಲ್ಲಿ ಪಶುವೈದ್ಯರ ಕಣ್ಣು ಬೀಳುವುದಿಲ್ಲ, ಪ್ರಾಣಿದಯಾ ಸಂಘದವರು ನಿಲ್ಲುವುದಿಲ್ಲ, ಕುಂಟುವ ಕುದುರೆಯನ್ನು ನೋಡಿ ನಾಲ್ಕು ಜನ ಛೀ ಎನ್ನುವುದಿಲ್ಲ. ಬಯಲಿನ ಜಾತ್ರೆಯಲ್ಲಿ ಇವೆಲ್ಲ ಸಾಧ್ಯ. ಡಬ್ಲಿನ್ನಿನ ಸ್ಮಿತ್‌ಫೀಲ್ಡ್ ಕುದುರೆ ಮಾರುಕಟ್ಟೆಯಲ್ಲಿ 2011ರಲ್ಲಿ ಹಿಂಸಾಚಾರ ನಡೆದ ಮೇಲೆ ನಗರಾಡಳಿತ ಉಪನಿಯಮಗಳನ್ನು ತಂದು, ತಿಂಗಳಿಗೊಮ್ಮೆ ಸೇರುತ್ತಿದ್ದ ಅದನ್ನು ವರ್ಷಕ್ಕೆ ಎರಡು ಬಾರಿಗೆ ಇಳಿಸಿತು. ದಿನಗಳನ್ನು ಕಡಿಮೆ ಮಾಡುವುದಕ್ಕಿಂತ ಸೇರಿದ ದಿನ ಚೆನ್ನಾಗಿ ನಡೆಸುವುದು ಹೆಚ್ಚು ಫಲಕಾರಿಯೆಂಬುದು ನನ್ನ ಅಭಿಪ್ರಾಯ. ಬಯಲಿಗೆ ಬರುವಾಗಲೇ ಚಿಪ್ ಮತ್ತು ಪಾಸ್‌ಪೋರ್ಟ್ ತಪಾಸಣೆ, ಸಾಕಷ್ಟು ಕುಡಿಯುವ ನೀರು, ಕುದುರೆ ಇಳಿಸಲು ಸರಿಯಾದ ಇಳಿಜಾರು, ಓಡಿಸಿ ತೋರಿಸಲು ಬೇಲಿ ಹಾಕಿದ ಪ್ರತ್ಯೇಕ ದಾರಿ, ಎಳೆಯ ಮರಿಗಳ ಮಾರಾಟಕ್ಕೆ ವಯಸ್ಸಿನ ಮಿತಿ, ದಿನವಿಡೀ ಪಶುವೈದ್ಯರು ಇರಬೇಕು. ಇವುಗಳನ್ನು ರೂಪಿಸುವಾಗ ಟ್ರಾವೆಲರ್ ಸಮುದಾಯದ ಹಿರಿಯರನ್ನು ಮೇಜಿನ ಸುತ್ತ ಕೂರಿಸಿಕೊಳ್ಳಬೇಕು. ಕುದುರೆಯನ್ನು ಹಸಿವಿನಿಂದ ಒಣಗಿಸಿದವನನ್ನು ಎಲ್ಲರಿಗಿಂತ ಮೊದಲು ಗುರುತಿಸಬಲ್ಲವರು ಅವರೇ. ಅಂಥವನೊಡನೆ ವ್ಯಾಪಾರ ಬೇಡವೆಂದು ಅವರು ಹೇಳುವ ಮಾತಿಗೆ ದಂಡದ ರಸೀದಿಗಿಂತ ಹೆಚ್ಚು ಬಲವಿದೆ.

ಮುಂದಿನ ಅಕ್ಟೋಬರಿನಲ್ಲಿ ತಾವು ಈ ಜಾತ್ರೆಯ ಬಗ್ಗೆ ಮತ್ತೆ ಬರೆಸುವುದಾದರೆ, ತೊಟ್ಟಿಲ ಚಿತ್ರಗಳ ಪಕ್ಕದಲ್ಲಿ ಒಬ್ಬ ಟ್ಯಾಂಗ್ಲರನ ಮಾತನ್ನೂ, ಮೂರು ತಲೆಮಾರುಗಳಿಂದ ಕುದುರೆ ತರುತ್ತಿರುವ ಟ್ರಾವೆಲರ್ ಕುಟುಂಬವೊಂದರ ಮಾತನ್ನೂ, ಅಲ್ಲಿ ತಪಾಸಣೆ ನಡೆಸುವ ಪಶುವೈದ್ಯರ ಮಾತನ್ನೂ ಸೇರಿಸಬೇಕೆಂದು ವಿನಂತಿಸುತ್ತೇನೆ. ಮರೆಂಗೊ ಕುರಿತ ವಾಕ್ಯಕ್ಕೆ ಒಂದು ತಿದ್ದುಪಡಿ ಪ್ರಕಟಿಸಿದರೂ ಉಪಕಾರವಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ